ಬಾಯಿ ಬಿಡದ ಪಾಠ

ಕಜಿವಾರ ಮೇಷ್ಟ್ರ ಕಷ್ಟಕ್ಕೆಲ್ಲ ಅವರ ಬಾಯಿಯೇ ಮೂಲ. ಭೌತಶಾಸ್ತ್ರ ಶುರು ಮಾಡಿದರೆ ಕೆಟ್ಟ ನಲ್ಲಿಯ ಹಾಗೆ, ಎಷ್ಟು ತಿರುಗಿಸಿದರೂ ನಿಲ್ಲುತ್ತಿರಲಿಲ್ಲ. ಮಕ್ಕಳು ಪ್ರಶ್ನೆ ಕೇಳುವ ಮೊದಲೇ ಉತ್ತರ ಹೇಳಿಬಿಡುತ್ತಿದ್ದರು.

ಈಗ ನಾಗಾನೊ ಶಿಕ್ಷಣ ಕಚೇರಿಯಿಂದ ಹೊಸ ಪದ್ಧತಿ ಬಂದಿತ್ತು. ಮೇಷ್ಟ್ರು ಹೇಳಕೂಡದು, ಮಕ್ಕಳೇ ಕಂಡುಕೊಳ್ಳಬೇಕು. ಅದಕ್ಕೊಂದು ಬಹಿರಂಗ ಪಾಠ. ಅಕ್ಕಪಕ್ಕದ ಶಾಲೆಗಳ ಮೇಷ್ಟ್ರುಗಳೆಲ್ಲ ಹಿಂದೆ ಸಾಲಾಗಿ ನಿಂತು ನೋಡುತ್ತಾರೆ. ಕಚೇರಿಯಲ್ಲಿ ಕೂತವರಿಗೆ ಇಂಥದ್ದೊಂದು ಚಟ.

"ಪಾಠ ಗೆದ್ರೆ ಬೇಸ್‌ಬಾಲ್ ತಂಡದ ಉಸ್ತುವಾರಿಯಿಂದ ನಿಮಗೆ ಬಿಡುಗಡೆ," ಎಂದಿದ್ದರು ಉಪಪ್ರಾಂಶುಪಾಲ ಮುರೋಯಿ.

ಕಜಿವಾರರಿಗೆ ಬ್ಯಾಟು ಹಿಡಿಯುವ ತುದಿ ಯಾವುದೆಂದೇ ಗೊತ್ತಿರಲಿಲ್ಲ. ಆದರೂ ವರ್ಷಗಟ್ಟಲೆ ಪ್ರತಿ ಭಾನುವಾರ ಮೈದಾನದಲ್ಲಿ ಬೆಂದಿದ್ದರು. ಹೊಳೆ ದಂಡೆಯಲ್ಲಿ ಗಾಳ ಹಾಕಿ ಕೂರಲು ಒಂದು ಭಾನುವಾರ ಸಿಕ್ಕರೆ ಸಾಕೆಂದು ಅವರ ಜೀವ ಒದ್ದಾಡುತ್ತಿತ್ತು.

"ಬಾಯಿ ಮುಚ್ಕೊಂಡಿರೋದೊಂದೇ ನಿಮ್ಮ ಕೆಲ್ಸ," ಎಂದು ಮುರೋಯಿ ಗದರಿಸಿ, ಮಕ್ಕಳಿಗೂ ತಾಲೀಮು ಕೊಟ್ಟರು. "ಕಬ್ಬಿಣದ ಗುಂಡೇ ಮೊದ್ಲು ಬೀಳುತ್ತೆ ಅಂತ ತಪ್ಪು ಹೇಳಿ. ಮರದ ಗುಂಡೂ ಜೊತೆಗೇ ಬಿದ್ದಾಗ ಆಶ್ಚರ್ಯ ಪಡಿ. ಎಲ್ಲಿ, ಪಡಿ ನೋಡೋಣ!"

ಬೇಸ್‌ಬಾಲ್ ಹುಡುಗರು ಪ್ರಯೋಗಶಾಲೆಯ ನೆಲಕ್ಕೆ ಮೇಣ ಬಳಿದು ಕನ್ನಡಿ ಮಾಡಿದರು. "ಸಾಲದು, ಇನ್ನೊಂದು ಕೈ ಹಾಕಿ!" ಎಂದರು ಮುರೋಯಿ.

ಗಂಟೆ ಹೊಡೆಯುವ ಹೊತ್ತಿಗೆ ಗೃಹವಿಜ್ಞಾನದ ನಿಶಿವಾಕಿ ಮೇಡಂ ತಟ್ಟೆ ಹಿಡಿದು ಓಡಿ ಬಂದರು. ತಟ್ಟೆಯಲ್ಲಿ ಅಂಟಕ್ಕಿ ಕುಟ್ಟಿ ಮಾಡಿದ ಮೋಚಿ ಉಂಡೆಗಳು.

"ಬಾಯಲ್ಲಿ ಇಟ್ಕೊಳ್ಳಿ ಮೇಷ್ಟ್ರೇ, ಮಾತು ಆಚೆ ಬರಲ್ಲ."

"ಒಂದು ಸಾಕೇನಮ್ಮ?"

"ನಿಮ್ಮ ಬಾಯಿಗಾ? ಎರಡು ಹಾಕ್ಕೊಳ್ಳಿ!"

ಎರಡು ಹಾಕಿಕೊಂಡರು. ದವಡೆಗೆ ಬೀಗ ಬಿತ್ತು.

ಅತಿಥಿಗಳು ಬೂಟು ಬಿಚ್ಚಿ, ಬಾಗಿಲಲ್ಲಿಟ್ಟಿದ್ದ ಪ್ಲಾಸ್ಟಿಕ್ ಚಪ್ಪಲಿ ಮೆಟ್ಟಿ ಬಂದರು. ಎಲ್ಲರ ಮುಂದೆ ಅಧಿಕಾರಿ ಉಸಾಮಿ, ಅಕ್ಕಿ ಮೂಟೆಯಂಥ ಆಸಾಮಿ. ಪಕ್ಕದಲ್ಲಿ ಕೊಡೆಯ ಕಡ್ಡಿಯಂಥ ಸಹಾಯಕ ಕನ್ನೊ. ಇಬ್ಬರೂ ಮುಂದೆ, ಕರಿಹಲಗೆಯ ಮಗ್ಗುಲಲ್ಲೇ ನಿಂತರು.

ಕಜಿವಾರ ಗುಂಡುಗಳನ್ನು ಹಿಡಿದು ಸ್ಟೂಲು ಹತ್ತಿದರು. ಅಷ್ಟು ಜನರನ್ನು ಕಂಡು ದಿಗಿಲಾಗಿದ್ದ ಮಕ್ಕಳು ಒಂದೇ ದನಿಯಲ್ಲಿ ಕೂಗಿದರು: "ಅಯ್ಯೋ! ಒಟ್ಟಿಗೇ ಬಿತ್ತಲ್ಲಾ!"

ಗುಂಡು ಇನ್ನೂ ಕೈಯಲ್ಲೇ ಇತ್ತು.

ಬೆಚ್ಚಿದ ಮೇಷ್ಟ್ರ ಕೈಯಿಂದ ಎರಡೂ ಜಾರಿದವು. ಕಬ್ಬಿಣದ್ದು ಉರುಳಿ ನೇರ ಉಸಾಮಿಯವರ ಕಾಲಬುಡಕ್ಕೆ ಬಂತು. ಅವರು ಗಾಬರಿಯಿಂದ ಕನ್ನೊನ ಕೈ ಹಿಡಿದು ಪಕ್ಕಕ್ಕೆ ಹಾರಿದರು. ಕೆಳಗೆ ಮೇಣ, ಕಾಲಲ್ಲಿ ಪ್ಲಾಸ್ಟಿಕ್. ಇಬ್ಬರೂ ದಬಕ್ಕನೆ ಕುಂಡಿಯ ಮೇಲೆ ಕೂತು, ಕೈ ಬಿಟ್ಟು, ಸುಯ್ಯೆಂದು ಜಾರಿ ಕರಿಹಲಗೆಯ ಕೆಳಗೆ ನಿಂತರು. ಹೊಸ್ತಿಲಲ್ಲಿ ಬಿಟ್ಟ ಜೋಡಿನಂತೆ ಅಕ್ಕಪಕ್ಕ, ಒಂದೇ ಸಾಲಿನಲ್ಲಿ.

ಹಿಂದಿನ ಬೆಂಚಿನ ಚಿಹಾರು ಎಂಬ ಹುಡುಗಿ ಕೈ ಎತ್ತಿದಳು. ಇದು ತಾಲೀಮಿನಲ್ಲಿ ಇರಲಿಲ್ಲ.

"ಸಾರ್, ಇವ್ರು ಇಷ್ಟು ದಪ್ಪ, ಅವ್ರು ಅಷ್ಟು ಸಣ್ಣ. ಇಬ್ರೂ ಒಂದೇ ಕಡೆ ಹೆಂಗೆ ನಿಂತ್ರು?"

ಕಜಿವಾರರ ಕಣ್ಣು ಹೊಳೆಯಿತು. ಎಂಥ ಪ್ರಶ್ನೆ! ಉತ್ತರ ಗಂಟಲಿಗೆ ಬಂತು. "ಮ್ಮ್ಮ್!"

"ದಪ್ಪಗಿರೋರು ನುಗ್ಗೋದು ಜಾಸ್ತಿ ಕಣೆ," ಎಂದ ಒಬ್ಬ.

"ಅವ್ರನ್ನ ನೆಲ ತಡೆಯೋದೂ ಜಾಸ್ತಿ ಅಲ್ವೇನೋ ಪೆದ್ದ!"

"ಹಂಗಾದ್ರೆ ಅದೂ ಇದೂ ಸಮ! ತೂಕದ ಲೆಕ್ಕಾನೇ ಇಲ್ಲ!"

ಅಷ್ಟರಲ್ಲಿ ಕ್ಷಮೆ ಕೇಳಲು ಓಡಿಬಂದ ಮುರೋಯಿ ಮಂಡಿಯೂರಿ ಬಾಗಿದರು. ಬಾಗಿದ ಭಂಗಿಯಲ್ಲೇ ಇಬ್ಬರನ್ನೂ ದಾಟಿ ಹೋಗಿ ಗೋಡೆಗೆ ಹಣೆ ಕುಟ್ಟಿಕೊಂಡರು.

"ಇವ್ರು ಮುಂದೆ ಹೋದ್ರು! ಪ್ಯಾಂಟಿನ ಬಟ್ಟೆ ಬೇರೆ!" ಎಂದು ಮಕ್ಕಳು ಕುಣಿದರು. ಚಿಹಾರು ಉಸಾಮಿಯವರ ಬಳಿ ಬಂದು ವಿನಯದಿಂದ ಕೇಳಿದಳು: "ಇನ್ನೊಂದ್ಸಲ ಬೀಳ್ತೀರಾ ಸಾರ್? ಖಚಿತ ಮಾಡ್ಕೋಬೇಕು."

ಕಜಿವಾರ ಕಣ್ಣು ಮುಚ್ಚಿಕೊಂಡರು. ಹೊಳೆ, ಗಾಳ, ಭಾನುವಾರ, ಎಲ್ಲ ಕೊಚ್ಚಿಹೋಯಿತು.

ಆದರೆ ಉಸಾಮಿ ಕೂತಲ್ಲೇ ಚಪ್ಪಾಳೆ ತಟ್ಟುತ್ತಿದ್ದರು. "ಇದು ಕಣ್ರೀ ಹೊಸ ಪದ್ಧತಿ! ಪ್ರಶ್ನೆ ಮಕ್ಕಳದು, ಉತ್ತರಾನೂ ಮಕ್ಕಳದೇ. ಮೇಷ್ಟ್ರು ತುಟಿ ಬಿಚ್ಚಿದ್ರಾ? ಇಲ್ಲ! ಮುರೋಯಿಯವ್ರೇ, ಇವ್ರಿಗೆ ಏನು ಬೇಕೋ ಕೊಡಿ!"

"ಬೇಸ್‌ಬಾಲ್ ಉಸ್ತುವಾರಿ ಇವತ್ತೇ ತೆಗೆದೆ ಸಾರ್," ಎಂದರು ಮುರೋಯಿ ಹಣೆ ಉಜ್ಜುತ್ತ. ಕಜಿವಾರರ ಕಣ್ಣಲ್ಲಿ ನೀರು ಬಂತು.

"ಈ ಪಾಠ ಎಲ್ಲ ಶಾಲೆಗೂ ಹೋಗ್ಬೇಕು. ತರಗತಿ ತಪ್ಪಿಸೋದು ಬೇಡ, ಭಾನುವಾರ ಹೋಗ್ಲಿ. ಪ್ರತಿ ಭಾನುವಾರ," ಎಂದರು ಉಸಾಮಿ.

"ನೆಲಕ್ಕೆ ಮೇಣ ಹಾಕೋರು?" ಎಂದ ಕನ್ನೊ.

"ನಮ್ಮ ಬೇಸ್‌ಬಾಲ್ ಹುಡುಗರು ಇದಾರಲ್ಲ!" ಎಂದರು ಮುರೋಯಿ. "ಹಂಗಾದ್ರೆ ಉಸ್ತುವಾರಿ ಇವರ ಹತ್ರಾನೇ ಇರ್ಲಿ."

"ಮತ್ತೆ ಜಾರಿ ಬೀಳೋರು?" ಎಂದ ಕನ್ನೊ.

ಉಸಾಮಿ ಸೊಂಟ ಹಿಡಿದುಕೊಂಡು ಎದ್ದರು. ಎಲ್ಲರೂ ಕಜಿವಾರರ ಕಡೆ ತಿರುಗಿದರು.

"ಏನಾದ್ರೂ ಅಭ್ಯಂತರ ಇದ್ರೆ ಈಗ್ಲೇ ಹೇಳ್ಬಿಡಿ ಮೇಷ್ಟ್ರೇ," ಎಂದರು ಮುರೋಯಿ.

"ಮ್ಮ್ಮ್! ಮ್ಮ್ಮ್ಮ್!" ಎಂದು ಕಜಿವಾರ ಎರಡೂ ಕೈ ಬೀಸಿದರು.

"ನೋಡಿ, ಹೊಗಳಿದ್ರೂ ಬೇಡ ಅಂತಾರೆ. ಎಂಥ ವಿನಯ!" ಎಂದರು ಉಸಾಮಿ. ಕೋಣೆ ತುಂಬ ಚಪ್ಪಾಳೆ.

ನಿಶಿವಾಕಿ ಮೇಡಂ ಬಾಗಿಲಿಂದ ಇಣುಕಿ ಹೇಳಿದರು: "ಯೋಚ್ನೆ ಮಾಡ್ಬೇಡಿ ಮೇಷ್ಟ್ರೇ, ಪ್ರತಿ ಶನಿವಾರ ಉಂಡೆ ಕಟ್ಟಿಡ್ತೀನಿ!"