ಮುಖ ಮಾಗುವವರೆಗೆ

"ಸಂಜೆ ನಾಲ್ಕಕ್ಕೆ ನಾನೇ ಬಂದು ಉತ್ತರ ಹೇಳ್ತೀನಿ" ಎಂದು ಲೈಬ್ರರಿ ಮೇಡಂ ಹೇಳಿಕಳಿಸಿದ್ದೇ ಎಲ್ಲಕ್ಕೂ ಮೂಲ. ವಾಚು ರಿಪೇರಿಯವನಿಗೆ ಮೂವತ್ತೆಂಟು ದಾಟಿತ್ತು, ಮೂರು ಸಂಬಂಧ ಕೈತಪ್ಪಿದ್ದವು. ಈಕೆ ಮಾತ್ರ ಅವನಿಗೆ ಮನಸಾರೆ ಹಿಡಿಸಿದ್ದಳು. ಮದುವೆಗೆ ಹೂಂ ಅನ್ನುತ್ತಾಳೋ ಇಲ್ಲವೋ ಎಂಬ ಚಿಂತೆಯಲ್ಲಿ ಅಂಗಡಿ ಮುಚ್ಚಿ, ಎರಡು ಗಂಟೆಯಿಂದಲೇ ಬಾಡಿಗೆ ಮನೆಯ ಬಾಗಿಲಿಗೂ ಗೇಟಿಗೂ ನಡುವೆ ಬಾಲ ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದ.

ಮಹಡಿ ಮೇಲಿನ ಚಿತ್ರಕಾರ ಇದನ್ನು ಕಂಡದ್ದೇ ತಡ, ದಡದಡ ಇಳಿದು ಬಂದ. ಅವನ ಚಿತ್ರಸ್ಪರ್ಧೆಯ ವಿಷಯ 'ಕಾಯುವಿಕೆ'. ಆರು ಗಂಟೆಯೊಳಗೆ ಚಿತ್ರ ಒಪ್ಪಿಸಬೇಕು. ಕಾಯುವಂತೆ ನಟಿಸುವವರನ್ನು ಕೂರಿಸಿ ಬರೆಯುವುದು ಅವನಿಗಾಗದು. ನಿಜವಾಗಿ ಕಾಯುವವರೇ ಬೇಕೆಂದು ವಾರವೆಲ್ಲ ಆಸ್ಪತ್ರೆ, ಬಸ್ ನಿಲ್ದಾಣ ಅಲೆದು ಬರಿಗೈಯಲ್ಲಿ ಬಂದಿದ್ದ.

"ಅಣ್ಣಾ, ಎಂಥಾ ಮುಖಾರೀ ನಿಮ್ದು! ಮೇಲೆ ಬಂದು ಸುಮ್ನೆ ಕೂತ್ಕೊಳ್ಳಿ."

"ಅವ್ರು ಬಂದ್ಬಿಟ್ರೆ?"

"ಆಂಟಿ ಕೂಗ್ತಾರಲ್ಲ!"

ಕೆಳಮನೆಯಲ್ಲಿದ್ದ ಮನೆಯೊಡತಿ ಆಂಟಿ ತಲೆಯಾಡಿಸಿದರು. ಹೇಗೂ ಕಾಯಬೇಕು, ಕೂತಾದರೂ ಕಾಯೋಣವೆಂದು ವಾಚಿನವನು ಒಪ್ಪಿದ.

ಮೇಲೆ ಹೋದರೆ ಕುರ್ಚಿ ಗೋಡೆಗೆ ಮುಖ ಮಾಡಿತ್ತು. "ಕಿಟಕಿ ಕಡೆ ತಿರುಗ್ಸಿ, ಗೇಟಾದ್ರೂ ಕಾಣ್ಲಿ" ಎಂದ.

"ಗೇಟು ಕಂಡ್ರೆ ಮುಖದಲ್ಲಿ ಆಸೆ ಬರುತ್ತೆ. ಆಸೆ ಬೇರೆ, ಕಾಯೋದು ಬೇರೆ."

ಅಷ್ಟರಲ್ಲಿ ಆಂಟಿ ಬಂದು ಇಣುಕಿದರು. "ಮದುಮಗ ಆಗೋನು ಹಿಂಗಾ ಜೋಲುಮುಖ ಹಾಕೋದು? ಸ್ವಲ್ಪ ನಗಪ್ಪ." ಅವನು ನಕ್ಕ. ಚಿತ್ರಕಾರ ಕುಂಚ ಬಿಸಾಡಿದ. ನಾಲ್ಕು ಹೊಡೆಯುವ ಹೊತ್ತಿಗೆ ಮೂಗನ್ನು ಮೂರು ಸಲ ಬರೆದು ಅಳಿಸಿಯಾಗಿತ್ತು.

ನೀರು ಕುಡಿಯಲು ಕೆಳಗೆ ಹೋದ ಚಿತ್ರಕಾರ ಓಡೋಡಿ ಬಂದು ಹೊಸ ಹಲಗೆ, ಬಣ್ಣಗಳನ್ನು ಬಾಚಿಕೊಂಡ. "ನಿಮ್ಮ ಮುಖ ಇನ್ನೂ ಮಾಗಿಲ್ಲ ಅಣ್ಣಾ. ಒಬ್ರೇ ಕೂತು ಮಾಗಿಸ್ಕೊಳ್ಳಿ. ನಾನು ಕೆಳಗಿದ್ದು ಹಿನ್ನೆಲೆ ಬರ್ಕೊಂಡ್ಬರ್ತೀನಿ. ಎದ್ರೆ ಮಾತ್ರ ಎಲ್ಲಾ ಕೆಟ್ಟುಹೋಗುತ್ತೆ!"

ನಾಲ್ಕೂಕಾಲಾಯಿತು. ನಾಲ್ಕೂವರೆಯಾಯಿತು. ಆಂಟಿ ಕೂಗಲಿಲ್ಲ. ಕತ್ತು ಮರಗಟ್ಟಿತು. ಐದಾದಾಗ, ಇನ್ನು ಅವಳು ಬರುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಅಳು ಉಕ್ಕಿ ಬಂತು. ಅತ್ತರೆ ಚಿತ್ರ ಕೆಡುತ್ತದೆಂದು ನುಂಗಿಕೊಂಡ.

ಐದೂಕಾಲಿಗೆ ಚಿತ್ರಕಾರ ಮೇಲೆ ಬಂದ. "ಮುಗೀತು ಅಣ್ಣಾ! ಬಹುಮಾನ ನಮ್ದೇ."

ವಾಚಿನವನು ಎದ್ದು ನೋಡಿದ. ಚಿತ್ರದಲ್ಲಿ ಅವನಿರಲಿಲ್ಲ. ಆಂಟಿಯ ಜಗಲಿಯಲ್ಲಿ, ಬೆತ್ತದ ಕುರ್ಚಿಯ ತುದಿಯಲ್ಲಿ, ಮಡಿಲಲ್ಲಿ ಕೈಚೀಲ ಅವುಚಿಕೊಂಡು ಲೈಬ್ರರಿ ಮೇಡಂ ಕೂತಿದ್ದಳು.

"ಇವ್ರನ್ನ ಎಲ್ಲಿ ನೋಡಿದ್ರಿ?"

"ಕೆಳಗೇ, ಕಿಟಕಿ ಸಂದಿಯಿಂದ. ನಾಲ್ಕಕ್ಕೆ ಸರಿಯಾಗಿ ಬಂದ್ರು. ನಿಮ್ಮನ್ನ ಕರೆದಿದ್ರೆ ಇಬ್ಬರ ಮುಖಾನೂ ಕೆಟ್ಟುಹೋಗ್ತಿತ್ತಲ್ಲ! ಬೇಜಾರು ಮಾಡ್ಕೋಬೇಡಿ, ನಿಮ್ದು ಬರೀ ಗಾಬರಿ. ಅವ್ರದು ಕಾಯೋದು ಅಂದ್ರೆ ಕಾಯೋದು!"

ವಾಚಿನವನು ಬಿದ್ದೆನೋ ಎದ್ದೆನೋ ಎಂದು ಕೆಳಗೋಡಿದ. ಬೆತ್ತದ ಕುರ್ಚಿ ಖಾಲಿಯಿತ್ತು.

"ಈಗ ತಾನೇ ಹೋದ್ಲಪ್ಪ" ಎಂದರು ಆಂಟಿ. "ಹೂಂ ಅನ್ನೋಕೇ ಬಂದಿದ್ಲಂತೆ. 'ಮೊದಲ ದಿನಾನೇ ಗಂಟೆಗಟ್ಲೆ ಹೊರಗೆ ಕೂರಿಸಿದೋರು ಮುಂದೆ ಏನು ಮಾಡ್ತಾರೋ' ಅಂದು ಎದ್ಲು."

"ನನ್ನನ್ನ ಕೂಗೋಕೇನಾಗಿತ್ತು ಆಂಟಿ?"

"ಇನ್ನು ಅವಳ ಕಿವಿಯೊಂದು ಬಾಕಿ, ಕೂಗ್ಬೇಡಿ ಅಂದ್ನಲ್ಲಪ್ಪ ಅವನು!"

ವಾಚಿನವನು ಅದೇ ಕುರ್ಚಿಯಲ್ಲಿ ಕುಸಿದು ತಲೆ ಮೇಲೆ ಕೈ ಹೊತ್ತ. ಚಿತ್ರ ಕಂಕುಳಲ್ಲಿಟ್ಟುಕೊಂಡು ಅವಸರದಲ್ಲಿ ಇಳಿಯುತ್ತಿದ್ದ ಚಿತ್ರಕಾರ ನಡುಮೆಟ್ಟಿಲಲ್ಲೇ ನಿಂತುಬಿಟ್ಟ.

"ಅಣ್ಣಾ, ಮುಂದಿನ ಸ್ಪರ್ಧೆಗೆ ವಿಷಯ 'ಪಶ್ಚಾತ್ತಾಪ'. ಇದನ್ನ ಕೊಟ್ಟು ಓಡಿ ಬರ್ತೀನಿ. ದಯವಿಟ್ಟು ಅಲ್ಲಾಡ್ಬೇಡಿ!"