ಪೆಟವೇಗೆ ಚೆಂಡು ಹಿಡಿಯಲು ಬಾರದು ಎಂದು ಬರೆದ ಮಹನೀಯರಿಗೆ

ಅಕ್ರನ್ ನಗರದ ಅಮೆರಿಕನ್ ಫುಟ್‌ಬಾಲ್ ತಂಡದ ಪ್ರತಿಭಾನ್ವೇಷಣೆಯ ಮುಖ್ಯಸ್ಥರೂ, ಕಳೆದ ತಿಂಗಳಿಂದ ಅದೇ ತಂಡದ ಉಪಾಧ್ಯಕ್ಷರೂ, ಕಾಲೇಜು ಹುಡುಗರ ಭವಿಷ್ಯವನ್ನು ಕಾರಿನಿಂದ ಕೆಳಗಿಳಿಯದೆಯೇ ಕಾಣಬಲ್ಲ ದಿವ್ಯದೃಷ್ಟಿಯುಳ್ಳವರೂ ಆದ ಶ್ರೀಮಾನ್ ಪ್ರೆಸ್ಕಾಟ್ ಲೂಮಿಸ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಕುಟುಂಬವೂ ಹೊಸ ಹುದ್ದೆಯ ಹೊಸ ಕುರ್ಚಿಯೂ ಕ್ಷೇಮವೆಂದು ನಂಬಿ, ಈ ಬಡಪಾಯಿಯು ಎರಡೂ ಮೊಣಕಾಲುಗಳಿಗೆ ಮಂಜುಗಡ್ಡೆಯ ಚೀಲ ಕಟ್ಟಿಕೊಂಡು ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿರುವ ಪತ್ರವಿದು. ನನ್ನ ಹೆಸರು ಕ್ಲೈಡ್ ವೊರ್ಹೀಸ್. ತಮಗೆ ನೆನಪಿರಲಾರದು, ಹೋದ ಡಿಸೆಂಬರಿನವರೆಗೂ ತಮ್ಮ ತಂಡದ ರಕ್ಷಣಾ ಸಾಲಿನ ನಡುವೆ ನಿಂತು, ಚೆಂಡು ಹೊತ್ತು ನುಗ್ಗಿ ಬಂದವರನ್ನೆಲ್ಲ ನೆಲಕ್ಕೆ ಕೆಡಹುತ್ತಿದ್ದ ದಪ್ಪ ಕತ್ತಿನ ಮನುಷ್ಯ ನಾನೇ. ಈ ಪತ್ರವನ್ನು ಊರಿನ ಪತ್ರಿಕೆಗೂ ಕಳಿಸುತ್ತಿದ್ದೇನೆ. ತಮ್ಮ ಪಾಂಡಿತ್ಯವನ್ನು ನಾನೊಬ್ಬನೇ ಅನುಭವಿಸಿದರೆ ಅದು ಸ್ವಾರ್ಥವಾದೀತು.

ಹೋದ ವರ್ಷದ ವಸಂತದ ಆಯ್ಕೆಯ ದಿನಗಳನ್ನು ನೆನಪಿಸಿಕೊಳ್ಳಲು ಅಪ್ಪಣೆ ಕೊಡಿ. ತಂಡಗಳೆಲ್ಲ ಸರದಿಯ ಪ್ರಕಾರ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಆ ಡ್ರಾಫ್ಟ್‌ನಲ್ಲಿ ನಮಗೆ ಬೇಕಾಗಿದ್ದುದು ಒಬ್ಬ ಓಟಗಾರ. ಈಗಿನ ಆಟದಲ್ಲಿ ಓಟಗಾರ ಬರೀ ಓಡಿದರೆ ಸಾಲದು. ನಮ್ಮಂಥ ರಾಕ್ಷಸರು ಮೈಮೇಲೆ ಬಿದ್ದಾಗ ಎಸೆಗಾರನು ಪಕ್ಕಕ್ಕೆ ತೂರುವ ಚೆಂಡನ್ನು ಹಿಡಿಯಲೂ ಬೇಕು, ಇಲ್ಲವಾದರೆ ಅವನು ಅರ್ಧ ಆಟಗಾರ, ಎಸೆಯುವ ಸರದಿ ಬಂದಾಗೆಲ್ಲ ಅಂಚಿಗೆ ಹೋಗಿ ನೀರು ಕುಡಿಯಬೇಕಾದವನು. ಜಾರ್ಜಿಯಾದ ದಕ್ಷಿಣದ ಹುಡುಗ ಲೆಮ್ಯುಯೆಲ್ ಪೆಟವೇ ನಮ್ಮ ಸರದಿ ಬಂದಾಗ ಇನ್ನೂ ಉಳಿದಿದ್ದ. ತಾವು ಅವನ ಬಗ್ಗೆ ಬರೆದ ವರದಿಯ ಸಾಲು ತಂಡದ ಎಲ್ಲರಿಗೂ ಬಾಯಿಪಾಠ: "ಓಡುತ್ತಾನೆ, ಹಿಡಿಯಲಾರ. ಎಸೆದ ಚೆಂಡಿನ ಲೆಕ್ಕದಲ್ಲಿ ಇವನ ಬೆಲೆ ಸೊನ್ನೆ."

ಇಷ್ಟು ಖಚಿತವಾದ ತೀರ್ಪಿಗೆ ಆಧಾರಗಳು ಎಷ್ಟು ಗಟ್ಟಿಯಾಗಿದ್ದವೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಪೆಟವೇಯ ಕಾಲೇಜು ತಂಡ ಚೆಂಡನ್ನು ಎಸೆಯುತ್ತಲೇ ಇರಲಿಲ್ಲ. ಆ ಕೋಚಿಗೆ ಗಾಳಿಯಲ್ಲಿರುವ ಚೆಂಡು ಕಂಡರೆ ಆಗದು. ಯಾರೂ ಎಸೆಯದ ಚೆಂಡನ್ನು ಅವನು ಹಿಡಿದಿಲ್ಲವಾದ್ದರಿಂದ ಅವನಿಗೆ ಹಿಡಿಯಲು ಬಾರದು ಎಂದು ತಾವು ಕಂಡುಕೊಂಡಿರಿ. ತಮ್ಮನ್ನು ಇದುವರೆಗೆ ಯಾರೂ ಈರಿ ಸರೋವರಕ್ಕೆ ತಳ್ಳಿಲ್ಲವಾದ್ದರಿಂದ ತಮಗೆ ಈಜು ಬಾರದು ಎಂದು ನಾನೂ ತೀರ್ಮಾನಿಸಬಹುದೇನೋ; ತಳ್ಳಿ ನೋಡುವ ಆಸೆ ನನಗಿಲ್ಲವೆಂದು ಮಾತ್ರ ಪ್ರಮಾಣ ಮಾಡಲಾರೆ. ಅದೂ ಸಾಲದೆಂದು ತಾವು ಅವನ ಅಂಗೈಯನ್ನು ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಳೆದು, ಉಗುರಿನಷ್ಟು ಕಡಿಮೆ ಎಂದು ತಲೆಯಾಡಿಸಿದಿರಿ. ಬಟ್ಟೆ ಅಂಗಡಿಯವರು ಕೂಡ ಅಳತೆಯಾದ ಮೇಲೆ ಒಮ್ಮೆ ತೊಡಿಸಿ ನೋಡುತ್ತಾರೆ ಸ್ವಾಮಿ.

ಹೀಗೆ ನಾವು ಬೇರೊಬ್ಬನನ್ನು ಆರಿಸಿಕೊಂಡೆವು. ಅವನು ಬೇಸಿಗೆ ಮುಗಿಯುವುದರೊಳಗೆ ಹಿಮ್ಮಡಿ ಮುರಿದುಕೊಂಡು ತಂದೆಯ ಟೈರ್ ಅಂಗಡಿ ಸೇರಿದ. ಪೆಟವೇಯನ್ನು ಎಲ್ಲರೂ ದಾಟಿ ಹೋದ ಮೇಲೆ ಕೊನೆಕೊನೆಗೆ ಟಲ್ಸಾ ತಂಡ ಎತ್ತಿಕೊಂಡಿತು.

ಇನ್ನು ಡಿಸೆಂಬರಿಗೆ ಬರೋಣ. ಋತುವಿನ ಕೊನೆಯ ಪಂದ್ಯ, ನಮ್ಮದೇ ಅಂಗಳ, ಎದುರಿಗೆ ಟಲ್ಸಾ. ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ಶುಕ್ರವಾರದ ಸಭೆಯಲ್ಲಿ ನಮ್ಮ ರಕ್ಷಣೆಯ ಕೋಚ್ ಬಕ್ ಹ್ಯಾಗರ್ಟಿಯವರು ತಾವು ಬರೆದಿದ್ದ ಆ ಸೊನ್ನೆ ಬೆಲೆಯ ವರದಿಯನ್ನೇ ಗೋಡೆಗೆ ಹಾಕಿ, ಟಲ್ಸಾದವರು ಎಸೆಯಲು ಹೊರಟಾಗ ಪೆಟವೇಯನ್ನು ಅವನ ಪಾಡಿಗೆ ಬಿಟ್ಟು ಎಲ್ಲರೂ ಎಸೆಗಾರನ ಮೇಲೆ ಬೀಳಬೇಕೆಂದು ಯೋಜನೆ ವಿವರಿಸಿದರು. ಟಲ್ಸಾದವರೂ ಋತುವಿಡೀ ಅವನನ್ನು ಓಡಿಸಿದ್ದರೇ ಹೊರತು ಅವನತ್ತ ಚೆಂಡು ಎಸೆದಿರಲಿಲ್ಲ, ನಿಜ. ಆದರೆ ಬೇಸಿಗೆಯಲ್ಲಿ ಅವರ ಜೊತೆಗಿನ ಅಭ್ಯಾಸ ಪಂದ್ಯಕ್ಕೆ ಮುಂಚೆ ಆ ಹುಡುಗ, ಆಕಾಶಕ್ಕೆ ಒದ್ದ ಚೆಂಡುಗಳನ್ನು ತಮಾಷೆಗೆಂದು ಬೆನ್ನ ಹಿಂದೆ ಕೈಯಿಟ್ಟು ಹಿಡಿಯುತ್ತಿದ್ದುದನ್ನು ನಾನು ಕಂಡಿದ್ದೆ.

"ಕೋಚ್, ಅವನನ್ನ ಹಂಗೇ ಬಿಟ್ಬಿಟ್ರೆ ಹೇಗೆ? ಅವನು ಹಿಡಿಯೋದು ನಾನು ಕಣ್ಣಾರೆ ನೋಡಿದೀನಿ" ಎಂದೆ.

"ನನ್ನ ಹತ್ರ ಹೇಳಿ ಏನುಪಯೋಗ ಮಾರಾಯ? ಲೂಮಿಸ್ ಬರೆದಿದಾರೆ, ಮಾಲೀಕರು ಓದಿದಾರೆ. ನಡುವೆ ನಾನ್ಯಾರು?" ಎಂದರು ಹ್ಯಾಗರ್ಟಿ.

ಆಗ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ತಾವು ಆಡಿದ ಮಾತನ್ನು ಚಿನ್ನದ ಅಕ್ಷರದಲ್ಲಿ ಬರೆಸಬೇಕು. "ವೊರ್ಹೀಸ್, ನಿನ್ನ ಕಣ್ಣನ್ನೇ ನಂಬೋ ಹಾಗಿದ್ರೆ ನನ್ನನ್ನ ಯಾಕಪ್ಪ ಇಟ್ಕೊಂಡಿದಾರೆ? ನೀನು ಬೀಳ್ಸು. ಯಾರಿಗೆ ಏನು ಬರುತ್ತೆ, ಬರಲ್ಲ ಅನ್ನೋದನ್ನ ನಂಗೆ ಬಿಡು." ಕೋಣೆಯೆಲ್ಲ ನಕ್ಕಿತು. ಬಿಟ್ಟೆ ಸ್ವಾಮಿ, ತಮಗೇ ಬಿಟ್ಟೆ.

ಭಾನುವಾರ ಸರೋವರದ ಕಡೆಯಿಂದ ಹಿಮ ಅಡ್ಡಡ್ಡ ಬೀಳುತ್ತಿತ್ತು. ಟಲ್ಸಾದ ಎಸೆಗಾರ ಮೊದಲ ಸಲ ಹಿಂದೆ ಸರಿದಾಗ ನಾವೆಲ್ಲ ಅವನ ಮೇಲೆ ನುಗ್ಗಿದೆವು. ಪೆಟವೇ ಅಂಚಿನಲ್ಲಿ, ಬಸ್ಸಿಗೆ ಕಾಯುವವನಂತೆ, ಒಬ್ಬನೇ ನಿಂತಿದ್ದ. ಚೆಂಡು ಬಂತು, ಹಿಡಿದ, ಓಡಿದ, ಅರ್ಧ ಮೈದಾನ ದಾಟಿದ. ಹ್ಯಾಗರ್ಟಿಯವರು ಮೇಲಿನ ಗಾಜಿನ ಕೋಣೆಗೆ ಫೋನು ಮಾಡಿದರೆ, "ಗಾಳಿ ತಂದು ಕೊಟ್ಟಿರುತ್ತೆ, ಯೋಜನೆ ಬಿಡಬೇಡಿ" ಎಂದು ತಾವು ಧೈರ್ಯ ಹೇಳಿದಿರಿ. ಗಾಳಿಗೆ ಅವನ ಮೇಲೆ ಎಂಥ ಮಮತೆಯೋ, ಮತ್ತೆ ತಂದುಕೊಟ್ಟಿತು. ಮೂರನೆಯ ಸಲ ಹ್ಯಾಗರ್ಟಿಯವರು ಫೋನು ಮಾಡಿದಾಗ ತಾವು ಸಾಸೇಜ್ ತರಲು ಹೋಗಿದ್ದಿರಂತೆ. ತಮ್ಮ ಅಪ್ಪಣೆಯಿಲ್ಲದೆ ಯೋಜನೆ ಬದಲಿಸುವ ಎದೆ ಅವರಿಗಿರಲಿಲ್ಲ.

ಪ್ರೇಕ್ಷಕರು ತಮ್ಮ ವರದಿಯನ್ನು ಓದಿರಲಿಲ್ಲವಾದ್ದರಿಂದ ಬೈಗುಳವೆಲ್ಲ ನನ್ನ ಪಾಲಿಗೆ ಬಂತು. "ಆ ಮುದಿ ಎಮ್ಮೆ ವೊರ್ಹೀಸ್‌ನ ಮನೆಗೆ ಕಳ್ಸ್ರೋ!" ಎಂದು ಒಬ್ಬ ಕಿರುಚುತ್ತಲೇ ಇದ್ದನಂತೆ. ಅವನ ಮುಂದಿನ ಸಾಲಿನಲ್ಲೇ ನನ್ನ ಹೆಂಡತಿ ನೊರೀನ್ ಕುಳಿತಿದ್ದಳು. ಹಿಂದೆ ತಿರುಗಿ, "ಮನೆಗೇ ಬರ್ತಾನೆ ಬಿಡಪ್ಪ, ಊಟ ನಾನೇ ತಾನೆ ಹಾಕೋದು. ನಿನ್ನನ್ನ ಯಾರಾದ್ರೂ ಕರೀತಾರಾ ನೋಡ್ಕೋ" ಎಂದಳಂತೆ. ಆ ಪಂದ್ಯದಲ್ಲಿ ನಮ್ಮ ಕಡೆಯಿಂದ ಸರಿಯಾಗಿ ಗುರಿ ಮುಟ್ಟಿದ ಹೊಡೆತವೆಂದರೆ ಅದೊಂದೇ.

ಇಷ್ಟಾದರೂ ಕೊನೆಯ ನಿಮಿಷಕ್ಕೆ ನಾವು ಕೂದಲೆಳೆಯಷ್ಟು ಮುಂದಿದ್ದೆವು. ಟಲ್ಸಾದ ಕೈಯಲ್ಲಿ ಚೆಂಡು. ಆಗ ನಾನು, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಹೇಳಿದ ಮಾತು ಮೀರಿದೆ. ಎಲ್ಲರೂ ಎಸೆಗಾರನತ್ತ ನುಗ್ಗಿದರೆ ನಾನೊಬ್ಬ ಪೆಟವೇಯ ಬೆನ್ನು ಹತ್ತಿದೆ. ಅವನಿಗೂ ಗೊತ್ತಾಯಿತು, ತಿರುಗಿ ನೋಡಿ, ಕಾಲಿಗೆ ಇನ್ನಷ್ಟು ಬುದ್ಧಿ ಹೇಳಿದ. ಮೊಣಕಾಲುಗಳು ಉರಿಯುತ್ತಿದ್ದರೂ ಅವನ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ಹೋದೆ. ಚೆಂಡು ನಮ್ಮಿಬ್ಬರ ತಲೆಯ ಮೇಲಿಂದ, ಹಿಂದಿನಿಂದ, ಹಿಮದ ನಡುವೆ ಬಂತು. ಅದನ್ನು ಹಿಡಿಯುವುದು ಹುಟ್ಟು ಹಿಡಿಗಾರರಿಗೂ ಕಷ್ಟ. ಅವನು ಕೈ ಚಾಚಿದ, ಬೆರಳ ತುದಿಯಲ್ಲಿ ಅದನ್ನು ಮಗುವಿನಂತೆ ಇಳಿಸಿಕೊಂಡ. ನಾನು ಅವನ ಸೊಂಟಕ್ಕೆ ಬಿದ್ದೆ, ಇಬ್ಬರೂ ಉರುಳಿದೆವು. ಕಣ್ಣಿನ ಹಿಮ ಒರೆಸಿ ನೋಡಿದರೆ ನಾವು ಬಿದ್ದದ್ದು ಅಂಕದ ಗೆರೆಯ ಆಚೆ. ತಾವು ಸೊನ್ನೆ ಬೆಲೆ ಕಟ್ಟಿದ್ದ ಕೈಗಳು ನಮ್ಮನ್ನು ಮನೆಗೆ ಕಳಿಸಿದ್ದವು.

ಎಬ್ಬಿಸಲು ಕೈ ಕೊಟ್ಟವನೂ ಅವನೇ. "ಅಣ್ಣಾ, ಕೊನೇದಕ್ಕೆ ನೀನೊಬ್ನಾದ್ರೂ ಬಂದ್ಯಲ್ಲ. ಅಲ್ಲೀವರ್ಗೂ ಯಾಕೆ ನನ್ನ ಒಂಟಿ ಬಿಟ್ಟಿದ್ರಿ? ಇದ್ರಲ್ಲಿ ಏನೋ ಬಲೆ ಇದೆ ಅಂತ ನಂಗೇ ಹೆದ್ರಿಕೆ ಆಗೋಕೆ ಶುರುವಾಗಿತ್ತು."

"ನಿಂಗೆ ಹಿಡಿಯೋಕೆ ಬರಲ್ಲ ಅಂತ ನಮ್ಮ ಲೂಮಿಸ್ ಸಾಹೇಬ್ರು ಬರೆದಿದಾರೆ ಕಣಯ್ಯ" ಎಂದೆ.

ಅವನು ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ: "ಅವರು ನಮ್ಮೂರಿಗೇ ಬಂದಿದ್ರಲ್ಲಣ್ಣ. ಕಾಲೇಜು ಕೊನೇ ವರ್ಷದ ಮುಂಚಿನ ಬೇಸಿಗೆ, ಹೊಲದಲ್ಲಿ ಕಲ್ಲಂಗಡಿ ತುಂಬ್ತಾ ಇದ್ವಿ. ಚಿಕ್ಕಪ್ಪ ನೆಲದಿಂದ ಎಸೀತಾನೆ, ನಾನು ಲಾರಿ ಮೇಲೆ ಹಿಡೀತೀನಿ, ಒಡೆದ್ರೆ ಮೇಸ್ತ್ರಿ ಹತ್ರ ಉಗಿಸ್ಕೋಬೇಕು. ಹತ್ತು ವಯಸ್ಸಿಂದ್ಲೂ ಅದೇ ಕೆಲ್ಸ. ಅವರು ಕಾರಲ್ಲೇ ಎಸಿ ಹಾಕ್ಕೊಂಡು ಕೂತು ನೋಡ್ತಾ ಇದ್ರು. ಲಾರಿ ತುಂಬಿದ್ಮೇಲೆ ಕರೆದು, ಕೈ ಚಾಚು ಅಂದ್ರು, ಅಳೆದ್ರು, 'ಚಿಕ್ಕದು' ಅಂದ್ರು. ಆಮೇಲೆ ಒಂದು ಹಣ್ಣು ಕೇಳಿದ್ರು. ಒಳ್ಳೇದೇ ಆರಿಸಿ ಕೊಟ್ಟೆ."

ಮಾನ್ಯರೇ, ಅಲ್ಲಿಯವರೆಗೆ ತಾವು ಅವನು ಹಿಡಿಯುವುದನ್ನು ನೋಡಿಯೇ ಇಲ್ಲವೆಂದು ತಿಳಿದು, ಒಳಗೊಳಗೇ ತಮ್ಮನ್ನು ಕ್ಷಮಿಸಿದ್ದೆ. ಒಂದು ಮಧ್ಯಾಹ್ನವಿಡೀ ನೋಡಿದ್ದಿರಿ ಎಂದು ತಿಳಿದ ಮೇಲೆ ನನ್ನ ಗೌರವ ಮುಗಿಲು ಮುಟ್ಟಿತು. ಜಾರುವ, ಬೆವರುವ, ಕೂಸಿನಷ್ಟು ತೂಗುವ ಹಣ್ಣುಗಳನ್ನು ಒಬ್ಬ ಹುಡುಗ ಅಲುಗಾಡುವ ಲಾರಿಯ ಮೇಲೆ ನಿಂತು ಒಂದಾದ ಮೇಲೊಂದು ಹಿಡಿಯುತ್ತಿದ್ದರೆ, ಅದನ್ನು ನೋಡಿಯೂ ಹಣ್ಣನ್ನಷ್ಟೇ ಕಾಣಬೇಕಾದರೆ ಎಂಥ ಏಕಾಗ್ರತೆ ಬೇಕು! ಹಣ್ಣು ಸಿಹಿಯಾಗಿತ್ತೆಂದು ಆಶಿಸುತ್ತೇನೆ. ಆಯ್ಕೆಯ ಮೊದಲ ದಿನ ಅವನ ಮನೆಯಂಗಳದಲ್ಲಿ ಹಂದಿ ಸುಟ್ಟು ಊರನ್ನೇ ಊಟಕ್ಕೆ ಕರೆದಿದ್ದರಂತೆ. ಫೋನು ಬರಲಿಲ್ಲ. ಮಾರನೆಯ ದಿನವೂ ಇಲ್ಲ. ನೆಂಟರು ಒಬ್ಬೊಬ್ಬರಾಗಿ ಏನೋ ನೆಪ ಹೇಳಿ ಹೊರಟರು. ಮೂರನೆಯ ದಿನ ಟಲ್ಸಾದವರು ಕರೆದಾಗ ಅಲ್ಲಿದ್ದುದು ಅವನೂ ಚಿಕ್ಕಪ್ಪನೂ ತಣ್ಣಗಾದ ಮಾಂಸವೂ ಮಾತ್ರವಂತೆ. ಇದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ಮಂಗಳವಾರ ನನ್ನನ್ನು ತೆಗೆದರು. ಬಾಗಿಲಲ್ಲಿ ಒಬ್ಬಾತ ಬೂಟುಗಳನ್ನು ಕಸದ ಚೀಲದಲ್ಲಿ ತುಂಬಿ ಕೊಟ್ಟ. ತಾವು ನನ್ನ ಬಗ್ಗೆಯೂ ಒಂದು ಸಾಲು ದಯಪಾಲಿಸಿದ್ದಿರಿ: "ವಯಸ್ಸಾಯಿತು. ಓಟಗಾರರ ಬೆನ್ನು ಹತ್ತಲಾರ." ಆ ದಿನ ಇಡೀ ಮೈದಾನದಲ್ಲಿ ಓಟಗಾರನ ಬೆನ್ನು ಹತ್ತಿದವನು ನಾನೊಬ್ಬನೇ ಎಂಬುದು ತಮ್ಮ ತೀರ್ಪಿಗೆ ಅಡ್ಡಿಯಾಗಲಿಲ್ಲ. ಹ್ಯಾಗರ್ಟಿಯವರನ್ನೂ ಕಳಿಸಿದರು. ನಾನು ಒಂದು ತಿಂಗಳು ಕಿರಾಣಿ ಅಂಗಡಿಗೂ ಹೋಗಲಿಲ್ಲ. ನೊರೀನ್ ಹೋಗಿ ಬರುತ್ತಿದ್ದಳು. ಆಡಿ ಸೋಲುವುದು ನನಗೆ ಹೊಸದಲ್ಲ ಸ್ವಾಮಿ. ಆಡದವರು ಒಂದು ಸಾಲು ಗೀಚಿ ಮನುಷ್ಯನನ್ನು ಮುಗಿಸುವುದಿದೆಯಲ್ಲ, ಅದು ಮಾತ್ರ ನುಂಗಲಾಗಲಿಲ್ಲ.

ಆದರೂ ಸುಮ್ಮನಿದ್ದೆ. ಮೊನ್ನೆ ರೇಡಿಯೋದಲ್ಲಿ ತಮ್ಮ ಸಂದರ್ಶನ ಕೇಳುವವರೆಗೆ. "ಪೆಟವೇ ಕೈಗಳ ಬಗ್ಗೆ ನನಗೆ ಮೊದಲಿನಿಂದಲೂ ವಿಶ್ವಾಸ ಇತ್ತು. ಮೈದಾನದಲ್ಲಿ ಕೆಲವರು ಎಚ್ಚರ ತಪ್ಪಿದರು, ಅಷ್ಟೇ" ಎಂದಿರಿ. ನೊರೀನ್ ರೇಡಿಯೋ ಆರಿಸಿ, ಪೆನ್ನು ತಂದು ನನ್ನ ಮುಂದಿಟ್ಟು, "ಬರಿ. ಮರ್ಯಾದೆಯಿಂದ ಬರಿ. ಆಗ್ಲೇ ಜಾಸ್ತಿ ಚುಚ್ಚೋದು" ಎಂದಳು.

ಆದ್ದರಿಂದ ಮರ್ಯಾದೆಯಿಂದಲೇ ಕೆಲವು ಕೋರಿಕೆಗಳು. ಮುಂದಿನ ಋತುವಿನಲ್ಲಿ ಟಲ್ಸಾ ಬಂದಾಗ ತಾವೇ ಹೆಲ್ಮೆಟ್ ತೊಟ್ಟು ಮೈದಾನಕ್ಕಿಳಿದು, ಪೆಟವೇಯ ಪಕ್ಕದಲ್ಲಿ ನಿಂತು, ಚೆಂಡು ಬರುವಾಗ ಅವನಿಗೆ ತಮ್ಮ ವರದಿಯನ್ನು ಓದಿ ಹೇಳಬೇಕು. ಕೇಳಿ ಮನಸ್ಸು ಬದಲಿಸಿಯಾನು. ಹಾಗೆಯೇ ಅಕ್ರನ್‌ನಲ್ಲಿ ಹಿಮ ಬೀಳಲಾರದು ಎಂದೂ ಒಂದು ಸಾಲು ಬರೆದುಕೊಡಬೇಕು, ಬೆಳಗಾಗೆದ್ದು ಅಂಗಳ ಗೋರಿ ನನ್ನ ಬೆನ್ನು ಬಿದ್ದುಹೋಗಿದೆ. ಸಾಧ್ಯವಾದರೆ ನಮ್ಮ ಎದುರಾಳಿ ತಂಡಗಳಿಗೂ ತಮ್ಮ ಸೇವೆಯನ್ನು ಸರದಿಯ ಮೇಲೆ ಒದಗಿಸಬೇಕು. ಈ ವರ್ಷ ನಾವು ಗೆಲ್ಲಲು ಇದಕ್ಕಿಂತ ಹತ್ತಿರದ ದಾರಿ ನನಗೆ ಕಾಣದು.

ತಾವು ನನ್ನಲ್ಲಿ ಇಟ್ಟಿದ್ದಷ್ಟೇ ವಿಶ್ವಾಸವನ್ನು ತಮ್ಮಲ್ಲಿ ಇಟ್ಟಿರುವ,

ತಮ್ಮ ವಿಶ್ವಾಸಿ,
ಕ್ಲೈಡ್ ವೊರ್ಹೀಸ್

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಟಲ್ಸಾದಿಂದ ಫೋನು ಬಂತು. ಕಿರಿಯ ರಕ್ಷಕರಿಗೆ ಕಲಿಸಲು ಅವರಿಗೊಬ್ಬ ಬೇಕಂತೆ, ಪೆಟವೇ ನನ್ನ ಹೆಸರು ಹೇಳಿದನಂತೆ. ಅಲ್ಲಿಯ ಮುಖ್ಯ ಕೋಚ್ ನನ್ನನ್ನು ಪರೀಕ್ಷಿಸಲೇ ಇಲ್ಲ. "ನಿಮ್ಮನ್ನ ಬೇಡ ಅಂದದ್ದು ಯಾರು?" ಎಂದು ಕೇಳಿದರು. ತಮ್ಮ ಹೆಸರು ಹೇಳಿದೆ. "ಹಾಗಾದ್ರೆ ಸೋಮವಾರವೇ ಬಂದ್ಬಿಡಿ" ಎಂದರು. ಮುಂದೆಯೂ ಇದೇ ರೀತಿ ನಮ್ಮಂಥವರ ಕೈ ಹಿಡಿಯುತ್ತಿರಬೇಕಾಗಿ ಪ್ರಾರ್ಥನೆ.