ಜೀಪಿನ ಎಣ್ಣೆಗೊಂದು ಕೂಲರ್

ಪ್ರತಿಯೊಬ್ಬ ಗಂಡಸಿಗೂ ಮನೆಯಲ್ಲಿ ಜಂಬಪಡಲು ಏನಾದರೊಂದು ಬೇಕು. ನನಗಿದ್ದದ್ದು ನಮ್ಮ ಜೀಪಿನ ಸ್ಟಿಯರಿಂಗ್. ನಾಪೋಕ್ಲು ರಸ್ತೆಯಲ್ಲಿ ನಾಲ್ಕು ತಿರುವು ಹತ್ತುವಷ್ಟರಲ್ಲಿ ಪವರ್ ಸ್ಟಿಯರಿಂಗಿನ ಎಣ್ಣೆ ಕಾದು, ಪವರ್ ಹೋಗಿ, ಬರೀ ಸ್ಟಿಯರಿಂಗ್ ಉಳಿಯುತ್ತಿತ್ತು. ಆಮೇಲೆ ಅದನ್ನು ತಿರುಗಿಸುವುದೆಂದರೆ ರುಬ್ಬುವ ಕಲ್ಲು ತಿರುಗಿಸಿದ ಹಾಗೆ. ಆ ತೋಳ್ಬಲ ನನ್ನೊಬ್ಬನಿಗೇ ಎಂದು ನಾನೇ ತೀರ್ಮಾನಿಸಿದ್ದರಿಂದ, ಲೈಸೆನ್ಸ್ ಇದ್ದ ಹೆಂಡತಿ ಸರಸು ಯಾವಾಗಲೂ ಪಕ್ಕದ ಸೀಟಿನಲ್ಲೇ. ಈ ಸಿಂಹಾಸನಕ್ಕೆ ಇದ್ದದ್ದು ಒಂದೇ ಗಂಡಾಂತರ. ಅವಳ ತಮ್ಮನ ಮದುವೆಯಲ್ಲಿ ನಾನು ತುಸು ಹೆಚ್ಚೇ ಏರಿಸಿ ವಾಲಗಕ್ಕೆ ಕುಣಿದ ಮೇಲೆ ಕರಾರಾಗಿತ್ತು: ಇನ್ನೊಮ್ಮೆ ಎಣ್ಣೆ ಮುಟ್ಟಿದರೆ ಜೀಪಿನ ಕೀ ಅವಳ ಕೈಗೆ. ನಮ್ಮ ಕಡೆ ಎಣ್ಣೆ ಎಂದರೆ ತಲೆಗೆ ಹಚ್ಚುವುದಷ್ಟೇ ಅಲ್ಲ, ತಲೆಗೆ ಏರುವುದೂ ಹೌದು.

ಎಣ್ಣೆ ಕಾಯದ ಹಾಗೆ ಒಂದು ಕೂಲರ್ ಕೂರಿಸುತ್ತೇನೆಂದು ಮೆಕ್ಯಾನಿಕ್ ಮೊಯ್ದು ಹೇಳಿದ್ದ. ಭಾನುವಾರ ಬೆಳಿಗ್ಗೆ ಅವನಿಗೆ ಉತ್ಸಾಹದಿಂದ ಫೋನ್ ಮಾಡಿದೆ: “ಬೇಗ ಬಾ ಮಾರಾಯ. ಎಣ್ಣೆ ನಾನೇ ತಂದಿಟ್ಟಿದ್ದೇನೆ, ಒಂದು ಲೀಟರ್. ಹಳೇದು ಪೂರ್ತಿ ಖಾಲಿ ಮಾಡಿಯೇ ಹೊಸದು ಶುರು ಮಾಡುವ. ತಂಪಿಲ್ಲದಿದ್ರೆ ಮಜಾ ಇಲ್ಲ!”

ತಿರುಗಿದರೆ ಹಿಂದೆ ಸರಸು. “ಕೀ ಕೊಡಿ.”

“ಅಯ್ಯೋ, ಇದು ಜೀಪು ಕುಡಿಯೋ ಎಣ್ಣೆ ಮಾರಾಯ್ತಿ!”

“ಓಹೋ, ಈಗ ಜೀಪಿನ ಹೆಸರಲ್ಲಿ ಶುರುವಾ?”

ಕೀ ಹೋಯಿತು. ಮೊಯ್ದು ಬಂದು, ರೇಡಿಯೇಟರ್ ಮುಂದೆ ಕೂಲರ್ ಬಿಗಿದು, ಎಣ್ಣೆ ವಾಪಸ್ ಬರುವ ಪೈಪನ್ನು ಅದಕ್ಕೆ ಜೋಡಿಸಿದ. ನಾನು ಅಡಿಯಲ್ಲಿ ಮಲಗಿ ಹಳೆಯ ಎಣ್ಣೆ ಬಸಿದೆ. ಸರಸು ಹೊಸ ಬಾಟಲಿ ಮೂಸಿ ನೋಡಿದಳು.

“ಅದನ್ನು ಕುಡಿದ್ರೆ ಗೌಡ್ರು ಉಳಿಯೋದಿಲ್ಲ ಅಕ್ಕಾ,” ಎಂದ ಮೊಯ್ದು.

ಗೆದ್ದೆ! ಕುಣಿಯುವಷ್ಟು ಖುಷಿಯಾಗಿ ಕೀಗೆ ಕೈ ಚಾಚಿದೆ.

“ಮುಟ್ಟಬಾರದು ಅಂತ ತಾನೇ ಕರಾರು?” ಎಂದಳು. “ಕೈ ನೋಡ್ಕೊಳ್ಳಿ.”

ಮೊಣಕೈವರೆಗೂ ಎಣ್ಣೆ. ಮೊಯ್ದು ಬಿದ್ದು ಬಿದ್ದು ನಕ್ಕ. ನನಗೂ ನಗು ತಡೆಯಲಾಗಲಿಲ್ಲ, ನಗುತ್ತಲೇ ಪಕ್ಕದ ಸೀಟಿಗೆ ಹತ್ತಿದೆ.

ನಾಲ್ಕನೇ ತಿರುವು ಬಂತು, ಐದನೆಯದೂ ಬಂತು. ಸರಸು ಎರಡೇ ಬೆರಳಿನಲ್ಲಿ ಸ್ಟಿಯರಿಂಗ್ ತಿರುಗಿಸಿ ಹಾಡು ಗುನುಗುತ್ತಿದ್ದಳು. “ಅಲ್ಲ ಮಾರಾಯ್ರೆ, ಇಷ್ಟು ಹಗುರ ಉಂಟು. ಇದಕ್ಕಾ ನೀವು ಇಷ್ಟು ವರ್ಷ ಹಲ್ಲು ಕಚ್ಚಿ ಉಸ್ಸಪ್ಪಾ ಅಂತಿದ್ದದ್ದು?”

ಮೊದಲು ನಿಜವಾಗಿಯೂ ಭಾರವಿತ್ತು ಎಂದು ಆಣೆ ಮಾಡಿದೆ. ಅವಳು ನಂಬಲಿಲ್ಲ. ನನಗಿದ್ದ ಒಂದೇ ಸಾಕ್ಷಿಯನ್ನು ನಾನೇ ಕೈಯಾರೆ ತಂಪು ಮಾಡಿಸಿದ್ದೆ.